ಗೋಡ ಅಂದ್ರ ಗೋದಿ ಅಲ್ಲೋ ತಮ್ಮಾ

ಖಾನಾಪುರ
ಸೋಮವಾರ, ೧೨-೧೧-೨೦೦೧

ನನ್ನ ಮುದ್ದಿನ ತಮ್ಮ ಬೀರೇಶಗ,

ಅಕ್ಕ ಸಾವಂತ್ರವ್ವನ ಆಶೀರ್ವಾದ. ನಿನ್ನ ಕಾಲು ಹೆಂಗೈತಿ? ಮೊದಲ ಅದನ್ನ ಹೇಳು. ಲಾರಿ ಹೊಡಿಯೋ ಕಲ್ಲಯ್ಯ ಮೊನ್ನೆ ಮಡಗಾಂವದಿಂದ ಬಂದಾಂವ ಸೀದಾ ನಮ್ಮ ಮನಿಗೇ ಬಂದಿದ್ದ. "ಬೇಕರಿಯಾಗ ನಿನ್ನ ತಮ್ಮನ್ನ ನೋಡಿದೆ, ಹಿಮ್ಮಡಕ್ಕ ಅರಿವಿ ಸುತ್ತಿಕೊಂಡು ಕುಂಟಾಕತ್ತಾನ, ಹುಣ್ಣು ಮಳಿಗಾಲದಿಂದ ಮಾಯವಲ್ದಂತ" ಅಂದ. ದವಾಖಾನಿಗೆ ನಡಿ ಅಂದ್ರ "ಇದು ಬೀರಪ್ಪನ ಸಿಟ್ಟು, ಡಾಕ್ಟರ ಏನ ಮಾಡ್ತಾನ" ಅಂತ ದೇವರ ಅರಿಷಿಣ ಭಂಡಾರ ಹಚ್ಚಿಕೊಂಡು ಕುಂತೀಯಂತ. ನಾವೆಲ್ಲಾ ಆರಾಮದೀವಿ, ನೀನೂ ಆರಾಮ ಇದ್ದೀ ಅಂತ ತಿಳದೀವಿ ಅಂತ ಬರಿಯೋ ಪದ್ಧತಿ ಈ ಸಲ ಬಿಟ್ಟೇನಿ. ನಾನೂ ಆರಾಮಿಲ್ಲ, ನೀನೂ ಆರಾಮಿಲ್ಲ. ಸುಳ್ಳ ಯಾಕ ಬರೀಲಿ?

ಹೌದಪಾ, ನನಗ ಸಕ್ಕರಿ ಬ್ಯಾನಿ ಬಂದೈತಿ. ದಸರಾ ಹಿಂದ ಮುಂದ ಶುರುವಾತು. ಎಷ್ಟು ನೀರು ಕುಡದ್ರೂ ಗಂಟಲಾ ಒಣಗೂದು, ರಾತ್ರಿ ಮತ್ತ ಮತ್ತ ಏಳೂದು, ಒಂದ ಕೊಡ ನೀರು ತರೂದ್ರಾಗ ಮೈಯಾಗಿನ ಜೀವಾನ ಹೋದಂಗ. ಇಲ್ಲೇ ಊರಾಗ ಒಬ್ಬ ಡಾಕ್ಟರ ಕಡೆ ಹೋದ್ನಿ. ಮರಾಠಿ ಮಂದಿ, ಮಾತು ಭಾಳ ನಯ. ರಕ್ತದ ಚೀಟಿ ನೋಡಿ, ಗುಳಿಗಿ ಬರದುಕೊಟ್ಟು, "ಗೋಡ ಬಂದ್, ಮಾವಶಿ, ಗೋಡ ಏಕದಮ್ ಬಂದ್" ಅಂದ್ರು. ಇಷ್ಟ ವರ್ಷ ಖಾನಾಪುರದಾಗ ಬಾಳೇವು ಮಾಡೀನಿ, ಗೋಡ ಅಂದ್ರ ಮರಾಠಿಯಾಗ ಸಿಹಿ ಅಂತ ಗೊತ್ತಿಲ್ಲೇನ ನನಗ? ಗೊತ್ತೈತಿ. ಆದ್ರ ಗಾಬರಿ ಬಿದ್ದಾಗ ಕಿವಿ ತವರಮನಿ ಮಾತ ಕೇಳತೈತಿ ನೋಡು. ನನಗ ಕೇಳಿದ್ದು "ಗೋದಿ ಬಂದ್"! ಮನಿಗೆ ಬಂದಾಕಿನ ಗೋದಿಹಿಟ್ಟಿನ ಡಬ್ಬಿ ಮ್ಯಾಲಿನ ಫಳಿಗೆ ಏರಿಸಿದ್ನಿ. ಚಪಾತಿ ಅಂದ್ರ ನನ್ನ ಜೀವ, ನಿನಗ ಗೊತ್ತೈತಲ್ಲ. ಅತಗೋಂತ ಬಿಟ್ನಿ. ಅದರ ಬದಲಿ ಎರಡೂ ಹೊತ್ತು ಗಂಗಾಳದ ತುಂಬ ಅನ್ನ, ನಿತ್ರಾಣ ಹೋಗ್ಲಿ ಅಂತ ಬೆಲ್ಲದ ಚಹಾ, ಯಾರರ ಬೆಳಗಾವಿಯಿಂದ ಕುಂದಾ ಮಿಠಾಯಿ ತಂದ್ರ ಅದೂ ಒಂದೀಟು. ನಮ್ಮ ಮನಿಯವ್ರಂತೂ "ನಮ್ಮಾಕಿ ಏನ ಪಥ್ಯ ಮಾಡ್ತಾಳ್ರಿ" ಅಂತ ಹಂಚಿನ ಕಾರ್ಖಾನಿ ತುಂಬ ಹೇಳಿಕೊಂಡು ಅಡ್ಡಾಡಿದ್ರು. ನಾನು ಒಂದಿನ ಅಡಗಿಮನ್ಯಾಗ ಧಡ್ಡಂತ ಬಿದ್ನಿ.

ಬೆಳಗಾವಿ ಖಾಸಬಾಗದಾಗ ನನ್ನ ನಾದಿನಿ ಪ್ರಮಿಳಾ ಅದಾಳಲ್ಲ, ಆಕಿ ತನ್ನ ಮನಿ ಬಾಜೂಕಿನ ಡಾಕ್ಟರಬಾಯಿ ಕಡೆ ಕರಕೊಂಡು ಹೋದ್ಳು. ಅವ್ರು ಕನ್ನಡದವ್ರು. ಪಥ್ಯ ಏನ ಮಾಡೀರಿ ಅಂದ್ರು, ಗೋದಿ ಬಿಟ್ಟೇನ್ರಿ ಅಂದ್ನಿ. ಸಂಗತಿ ಎಲ್ಲಾ ಕೇಳಿ ಹಣಿ ಹಣಿ ಬಡಕೊಂಡ್ರು. ಪ್ರಮಿಳಾ ಹೊಟ್ಟಿ ಹಿಡಕೊಂಡು ನಕ್ಕಳು, ನಾನೂ ನಕ್ಕೆ. ಆಮ್ಯಾಲೆ ಆ ಬಾಯಿ, "ನಿಮ್ಮ ಮನಿತನದಾಗ ಮೊದಲ ಯಾರಿಗರ ಇತ್ತೇನವಾ? ನಿಮ್ಮ ಅವ್ವ ಯಾತರಿಂದ ಹೋದ್ರು?" ಅಂತ ಕೇಳಿದ್ರು. ನಗಿ ಅಲ್ಲೇ ನಿಂತಬಿಟ್ಟಿತು. ಜಾಲಿ ಮುಳ್ಳು ಚುಚ್ಚಿ ಹುಣ್ಣಾತ್ರಿ, ಮಾಯಲಿಲ್ಲ, ಕಾಲು ಕರ್ರಗಾತು, ಅದರಾಗ ಹೋದ್ಳು ಅಂದ್ನಿ. ಅವ್ವಗ ನೀರಡಿಕಿ ಭಾಳ ಇತ್ತೇನು ಅಂದ್ರು. ಚಳಿಗಾಲದಾಗೂ ತಂಬಗಿಗಟ್ಟಲೆ ಕುಡೀತಿದ್ಳರಿ, ಹಿತ್ತಲದಾಗ ಆಕಿ ಒಂದಕ್ಕ ಕುಂತೆದ್ದ ಜಾಗಾಕ್ಕ ಇರಿವಿ ಮುಕರತಿದ್ವು ಅಂದ್ನಿ. ಅವ್ರು ಪೆನ್ನು ಕೆಳಗಿಟ್ಟು, "ಸಾವಂತ್ರವ್ವಾ, ಅದು ಇದ ಬ್ಯಾನಿ ಇತ್ತು. ಮುಳ್ಳು ಎಲ್ಲಾರಿಗೂ ಚುಚ್ಚತೈತಿ. ಸಕ್ಕರಿ ಏರಿದ್ರ ಹುಣ್ಣು ಮಾಯಾಂಗಿಲ್ಲ" ಅಂದ್ರು. ತಾಯಿಗೆ ಇದ್ರ ಮಕ್ಕಳಿಗೂ ಬರಬಹುದಂತ.

ಕೇಳಿದೇನೋ ಬೀರ್ಯಾ? ಟಗರಿನಿಂದ ಅಲ್ಲ. ಬೀರಪ್ಪಗ ಬಿಟ್ಟ ಟಗರು ನೀ ಸಂತ್ಯಾಗ ಮಾರಿದ್ದು ಖರೇ, ಹುಡುಗ ಬುದ್ಧಿ, ಟೇಪರಿಕಾರ್ಡರ ಆಸೆಗೆ ಮಾರಿದಿ. ತಪ್ಪು ತಪ್ಪ. ಆದ್ರ ಆ ತಪ್ಪಿಗೂ ಅವ್ವನ ಕಾಲಿಗೂ ಏನೂ ಸಂಬಂಧ ಇಲ್ಲ. ಆಕಿನ್ನ ಮಣ್ಣು ಮಾಡಿ ಬಂದ ದಿನ ಅಪ್ಪ ಭಾವಕಿ ಬಳಗದ ಮಂದಿ ಮುಂದ "ಟಗರು ಮಾರಿ ತಾಯಿನ್ನ ತಿಂದಿ, ಇನ್ನ ನಿನ್ನ ಮಾರಿ ತೋರಿಸಬ್ಯಾಡ" ಅಂದ. ಅವತ್ತು ಗೋವಾಕ್ಕ ಹೋದಾಂವ ನೀ, ನನ್ನ ಮಗಳ ಲಗ್ನಕ್ಕೂ ಬರಲಿಲ್ಲ, ಬೇಕರಿ ಮಾಲಕರ ಕಡೆ ಫೋನ್ ಮಾಡಿಸಿದ್ರೂ ಬಂದು ಮಾತಾಡಲಿಲ್ಲ. ದೇವರು ಕೊಟ್ರೂ ಪೂಜಾರಿ ಕೊಡಾಂಗಿಲ್ಲಂತ, ಬೀರಪ್ಪ ನಿನ್ನ ತಪ್ಪು ಯಾವಾಗೋ ಹೊಟ್ಟ್ಯಾಗ ಹಾಕ್ಕೊಂಡಾನ, ನಮ್ಮಪ್ಪ ಹಾಕ್ಕೊಂಡಿರಲಿಲ್ಲ. ಅಪ್ಪ ಈಗ ಕುರಿ ಎಲ್ಲಾ ಕೊಟ್ಟು ನಮ್ಮ ಮನ್ಯಾಗ ಅದಾನ. ಬೆಳಗಾವಿಯಿಂದ ಬಂದು ಡಾಕ್ಟರಬಾಯಿ ಹೇಳಿದ್ದು ಎಲ್ಲಾ ಅವನ ಮುಂದ ಹೇಳಿದ್ನಿ. ಎಲಿ ಅಡಿಕಿ ಸಂಚಿ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ದ. "ಹಂಗಾರ ಬೀರಪ್ಪ ಸಿಟ್ಟಾಗಿರಲಿಲ್ಲೇನ?" ಅಂದ. ಇಲ್ಲಪಾ ಅಂದ್ನಿ. ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಮರದಿನ ಕಲ್ಲಯ್ಯ ಬಂದು ನಿನ್ನ ಕಾಲಿನ ಸುದ್ದಿ ಹೇಳೂ ಮುಂದ ಅಪ್ಪ ಬಾಗಲ ಹಿಂದನ ನಿಂತು ಎಲ್ಲಾ ಕೇಳ್ಯಾನ.

ಹುಚ್ಚಪ್ಯಾಲಿ, ಅವ್ವನ ಕಾಲು ಹಂಗ ಕೆಟ್ಟಿದ್ದು ನೋಡಿದಾಂವ ನೀ, ಇನ್ನೊಂದು ನನ್ನ ಕಣ್ಣಿಗೆ ತೋರಿಸಬ್ಯಾಡ. ನಾಳೆ ಮುಂಜಾನೆ ಚಹಾ ಸುದ್ದಾ ಕುಡೀದ ದವಾಖಾನಿಗೆ ಹೋಗಿ ರಕ್ತಾ ಕೊಡು. ಭಂಡಾರ ಹಣಿಗೆ ಹಚ್ಚಿಕೋ, ಹುಣ್ಣಿಗೆ ಬ್ಯಾಡ. ಬರಿಗಾಲಲೆ ಆ ಬಿಸಿ ಭಟ್ಟಿ ಮುಂದ ನಿಂದ್ರಬ್ಯಾಡ. ನನಗ ಈಗ ಗುಳಿಗಿ, ಜ್ವಾಳದ ರೊಟ್ಟಿ, ಮೆಂತೆ ಪಲ್ಲೆ, ಒಂದ ಚಪಾತಿ. ನಾಡದ ದೀಪಾವಳಿ, ಹುಡುಗೂರಿಗೆ ಕರ್ಚಿಕಾಯಿ ಮಾಡಾಕತ್ತೀನಿ, ಬೆರಳ ಸುದ್ದಾ ನೆಕ್ಕಾಂಗಿಲ್ಲ. ಖರೇ ಹೇಳತೀನಿ, ನಡನಡಕ ಅಳು ಬರತೈತಿ. ಉಳದ ಆಯುಷ್ಯ ಎಲ್ಲಾ ಹಿಂಗ ಏನು ಅನಸತೈತಿ. ಆದ್ರ ಈ ಬ್ಯಾನಿ ನನಗ ಬರದಿದ್ರ ಅವ್ವಗ ಏನಾಗಿತ್ತಂತ ನಮಗ ಯಾರಿಗೂ ತಿಳೀತಿರಲಿಲ್ಲ. ನೀ ಹಂಗ ಆ ಪಾಪ ಹೊತಗೊಂಡು ಸಾಯ್ತಿದ್ದಿ.

ನಮ್ಮ ಮನಿಯವ್ರು ನಿನ್ನ ಆರಾಮ ಕೇಳ್ಯಾರ. ಬೀರಪ್ಪ ನಿನ್ನ ಕಾಲು ಕಾಯಲಿ, ನೂರು ವರ್ಷ ಬಾಳು.

ನಿನ್ನ ಅಕ್ಕ,
ಸಾವಂತ್ರವ್ವ

ತಾ.ಕ.: ಲಕೋಟಿ ಅಂಟಿಸೂದ್ರಾಗ ಅಪ್ಪ ಜಳಕಾ ಮಾಡಿ, ತೊಳದ ಧೋತರ ಉಟಗೊಂಡು, ಕಂಬಳಿ ಹೆಗಲಿಗೆ ಹಾಕ್ಕೊಂಡು ಬಂದು ನಿಂತಾನ. ಟಪಾಲಿಗೆ ಹಾಕಬ್ಯಾಡ, ನಾನ ಒಯ್ತೀನಿ ಅಂತಾನ. ಕಲ್ಲಯ್ಯ ಲಾರಿ ಚಾಲೂ ಮಾಡ್ಯಾನ, ಹಾರ್ನ್ ಹೊಡ್ಯಾಕತ್ತಾನ. ಓದಾಕ ಅಂವಗ ಬರಾಂಗಿಲ್ಲ, ಹಿಂಗಾಗಿ ಇದರಾಗ ಏನೈತಿ ಗೊತ್ತಿಲ್ಲ. ನೀ ಓದಿ ಮುಗಸೂತನ ಎದುರಿಗೇ ನಿಂತಿರ್ತಾನ. ತಪ್ಪಾತು ಅನ್ನಾಕ ನಮ್ಮಪ್ಪಗ ಹುಟ್ಟಿದಾಗಿಂದ ಬಂದಿಲ್ಲ, ಈಗೂ ಬರಾಂಗಿಲ್ಲ. ಕಾಲು ತೋರಸು ಅಂತಾನ, ಅಷ್ಟ. ತೋರಸು.