ಪಡುವಣದ ಗೋಡೆ

ಪುಂತಾ ಅರೇನಾಸ್
೧೪ ನವೆಂಬರ್ ೧೯೬೮, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯ ಮರದ ಬೆಂಚಿನ ಮೇಲೆ ದಿನವಿಡೀ ಕೂತಿರುತ್ತೇನೆ ಅಂತ ಬರೆದಿದ್ದೀಯಲ್ಲ, ಕೆಳಗೆ ಆ ಉಣ್ಣೆಯ ಕೋಟನ್ನಾದರೂ ಮಡಚಿ ಹಾಕಿಕೋ. ಸಾಂತಿಯಾಗೊದ ಸೆಕೆಯಲ್ಲಿ ಅದು ಇನ್ನು ಯಾವುದಕ್ಕೆ ಬೇಕು. ಅಪ್ಪನಿಗೆ ಸೂಪು ಗಂಟಲಲ್ಲಿ ಇಳಿಯುತ್ತಿದೆಯೇ, ದಾದಿಯರು ದಿಂಬು ಎತ್ತರಿಸಿ ಇಡುತ್ತಾರೆಯೇ, ರಾತ್ರಿ ಎಷ್ಟು ಹೊತ್ತು ಕಣ್ಣು ಮುಚ್ಚುತ್ತಾರೆ, ಎಲ್ಲ ಬರಿ. "ಪರವಾಗಿಲ್ಲ" ಅಂತ ಮಾತ್ರ ಬರೆಯಬೇಡ. ನಿನ್ನ ಪರವಾಗಿಲ್ಲ ಏನೆಂದು ನನಗೆ ಗೊತ್ತು. ಹೆರಿಗೆಯಾದ ವಾರ ನನಗೆ ಜ್ವರ ನೆತ್ತಿಗೇರಿದಾಗಲೂ ಬಾಗಿಲಲ್ಲಿ ನಿಂತು ನಿನ್ನ ಅಳಿಯ ರೆನಾತೊಗೆ ಅದೇ ಮಾತು ಹೇಳಿ ಕೆಲಸಕ್ಕೆ ಕಳಿಸಿದವಳು ನೀನು.

ಇಲ್ಲಿ ನೀದಿಯಾ ಮಗುಚಿಕೊಳ್ಳಲು ಕಲಿತಿದ್ದಾಳೆ. ನೀನಿದ್ದಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ. ಕೆಮ್ಮು ಹೋಗಿಲ್ಲ. ಹಾಲು ಕುಡಿದು ಮಲಗಿದ ಮೇಲೆ ಒಣಕೆಮ್ಮು, ಗುಬ್ಬಿ ಸೀನಿದ ಹಾಗೆ. ಡಾಕ್ಟರು ಎದೆ ಚೊಕ್ಕವಾಗಿದೆ ಅಂತಾರೆ. ನಾನು ನಂಬುತ್ತೇನೆ, ಆದರೂ ತೊಟ್ಟಿಲಿಗೆ ಕಿವಿಕೊಟ್ಟು ಮಲಗುತ್ತೇನೆ. ಕೆಮ್ಮಿದರೆ ಹೆದರಿಕೆ, ಕೆಮ್ಮದೆ ಸುಮ್ಮನಿದ್ದರೆ ಇನ್ನೂ ಹೆದರಿಕೆ. ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು, ಅದು ಎಚ್ಚರವಾಗಿ ಅಳುವುದು, ಎತ್ತಿಕೊಂಡು ಒಲೆಯ ಮುಂದೆ ಅಡ್ಡಾಡುವುದು. ಅಷ್ಟರಲ್ಲಿ ಕಿಟಕಿ ಬೆಳ್ಳಗಾಗಿಬಿಡುತ್ತದೆ. ನಿದ್ದೆ ಮಾಡಿ ಎಷ್ಟು ದಿನವಾಯಿತೋ, ಆಫೀಸಿನಲ್ಲಿ ನಿನ್ನೆ ಮಸಿಕುಡಿಕೆಯ ಬದಲು ಚಹಾದ ಲೋಟದಲ್ಲಿ ಪೆನ್ನು ಅದ್ದಿದೆ. ಈ ವಾರ ಗಾಳಿ ಜೋರು. ಚೌಕದ ಮೂಲೆಗಳಲ್ಲಿ ಹಗ್ಗ ಕಟ್ಟಿದ್ದಾರೆ. ಎದುರುಮನೆಯ ಮುದುಕಿ ಅದನ್ನು ಹಿಡಿದುಕೊಂಡು ಚರ್ಚಿಗೆ ಹೊರಟವಳು ಹಗ್ಗ ಬಿಡಲಾರದೆ ಅಲ್ಲೇ ನಿಂತು ಪ್ರಾರ್ಥನೆ ಮುಗಿಸಿ ಬಂದಳಂತೆ.

ಸ್ಟೇಡಿಯಂ ಸುದ್ದಿ ಕೇಳಿದ್ದೀಯ. ಅದನ್ನೇ ಬರೆಯಲು ಕೂತವಳು ಮಗು, ಮುದುಕಿ, ಮಸಿ ಅಂತ ಸುತ್ತು ಬಳಸುತ್ತಿದ್ದೇನೆ. ಗೋಡೆ ಬಿದ್ದುಹೋಯಿತು, ಅಮ್ಮಾ. ಕಟ್ಟುವುದಕ್ಕೆ ಮುಂಚೆಯೇ ಬಿದ್ದುಹೋಯಿತು. ಮಂಗಳವಾರ ಸಭೆಯಲ್ಲಿ.

ನಿನಗೆ ಚೆಂಡು ಕಂಡರಾಗುವುದಿಲ್ಲ, ಈ ವಿಷಯದಲ್ಲಿ ಅಪ್ಪನೂ ನಾನೂ ಜಗಳವಾಡುವಾಗಲೆಲ್ಲ ನೀನು ಪಾತ್ರೆ ಸದ್ದು ಮಾಡುತ್ತಿದ್ದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದುಡ್ಡು ನಗರಸಭೆಯದಾದರೂ ನೆಲ ಫಾರೋ ಫುಟ್‌ಬಾಲ್ ಕ್ಲಬ್ಬಿನದು. ಕ್ಲಬ್ಬಿನ ಸದಸ್ಯರು ಕೈ ಎತ್ತದೆ ನನ್ನ ನಕ್ಷೆ ಬರೀ ಕಾಗದ. ಮೈದಾನದ ಪಡುವಣಕ್ಕೆ, ಅಗ್ಗದ ಟಿಕೆಟ್ಟಿನವರು ನಿಲ್ಲುವ ಮೆಟ್ಟಿಲುಗಳ ಬೆನ್ನಿಗೆ, ನಾನು ಎತ್ತರದ ಗೋಡೆ ಬರೆದಿದ್ದೆ. ಅಡ್ಡಪಟ್ಟಿಗಳ ನಡುವೆ ಸಂದು ಬಿಟ್ಟ ಗೋಡೆ. ಪೂರ್ತಿ ಮುಚ್ಚಿದರೆ ಗಾಳಿ ಅದನ್ನು ಹಾರಿ ಬಂದು ಈಚೆ ಕಡೆ ಸುಳಿಯಾಗಿ ಬೀಳುತ್ತದೆ. ಸಂದಿದ್ದರೆ ಸೋರಿ, ಸುಸ್ತಾಗಿ ಒಳಗೆ ಬರುತ್ತದೆ. ಇದನ್ನು ನಾನು ಕಂಡುಕೊಂಡದ್ದು ನಮ್ಮ ಹಿತ್ತಲಿನಲ್ಲೇ, ನೀನು ಒಗೆದ ಬಟ್ಟೆಗಳ ನಡುವೆ. ರಟ್ಟಿನ ಸ್ಟೇಡಿಯಂ ಮಾಡಿ, ಮೆಟ್ಟಿಲ ಮೇಲೆಲ್ಲ ಗುಂಡುಪಿನ್ನು ಚುಚ್ಚಿ, ಪ್ರತಿಯೊಂದಕ್ಕೂ ಉಣ್ಣೆಯ ಎಳೆ ಕಟ್ಟಿದ್ದೆ. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿಗೆ ಹಿಡಿದಿದ್ದರು. "ತಗೋ ಮಗಳೇ, ಎಷ್ಟು ಬೇಕೋ ಅಷ್ಟು ತಗೋ, ಈ ಊರಲ್ಲಿ ಬಿಟ್ಟಿ ಸಿಗೋದು ಇದೊಂದೇ" ಅಂತ ನಗುತ್ತಿದ್ದರು. ಸಂದಿನ ಗೋಡೆ ಸಿಕ್ಕಿಸಿದ ಮೇಲೆ ಎಳೆಗಳೆಲ್ಲ ಸದ್ದಿಲ್ಲದೆ ತಲೆ ಬಾಗಿಸಿದವು. ಅಪ್ಪನ ನಗು ನಿಂತಿತು. "ಕೊಂದುಬಿಟ್ಯಲ್ಲೇ ಗಾಳೀನ!" ಅಂದರು, ಸಾಕಿದ ನಾಯಿಯನ್ನು ಯಾರೋ ಹೊಡೆದರೇನೋ ಎನ್ನುವ ಹಾಗೆ.

ಫಾರೋದವರಿಗೆ ಗಾಳಿ ಸಾಕಿದ ಪ್ರಾಣಿಯೇ. ಉತ್ತರದಿಂದ ಬರುವ ತಂಡಗಳಿಗೆ ನಮಗಿಂತ ಚೆನ್ನಾಗಿ ಆಡಲು ಬರುತ್ತದೆ, ಗಾಳಿಯಲ್ಲಿ ಆಡಲು ಬರುವುದಿಲ್ಲ. ತಾನು ಒದ್ದ ಚೆಂಡು ತನ್ನ ತಲೆಯ ಮೇಲೇ ವಾಪಸು ಹಾರಿ ಬಂದದ್ದನ್ನು ಹಿಡಿಯಲು ಹಿಮ್ಮುಖವಾಗಿ ಓಡಿ ಮುಗ್ಗರಿಸಿದ ಆ ಸಾಂತಿಯಾಗೊದ ಗೋಲ್‌ಕೀಪರನ ಕಥೆಯನ್ನು ಅಪ್ಪ ನನ್ನ ಮದುವೆಯ ಊಟದಲ್ಲೂ ಹೇಳಿದರಲ್ಲ. ಹೋದ ವರ್ಷದ ಸಭೆಯಲ್ಲಿ ನನ್ನ ನಕ್ಷೆಯ ವಿರುದ್ಧ ಮೊದಲು ಎದ್ದು ನಿಂತವರೂ ಅಪ್ಪನೇ. "ನಮ್ಮ ಟೀಮಲ್ಲಿ ಹನ್ನೆರಡನೇ ಆಟಗಾರ ಅಂದ್ರೆ ಗಾಳಿ. ಸಂಬಳ ಕೇಳಲ್ಲ, ಕಾಲು ಮುರ್ಕೊಳಲ್ಲ, ಮಿಕ್ಕ ಹನ್ನೊಂದು ಜನರ ಥರ ಕುಡಿದೂ ಬರಲ್ಲ. ಅವನನ್ನ ಹೊರಗೆ ನಿಲ್ಲಿಸಿ ಬಾಗಿಲು ಹಾಕ್ತೀರಾ?" ಸಭೆ ಕುಣಿದು ಹೋಯಿತು. ಗೋಡೆಯ ಮಾತು ಮುಂದಕ್ಕೆ ಬಿತ್ತು. ಮನೆಗೆ ಬಂದು ಅಪ್ಪ ನನ್ನ ತಟ್ಟೆಗೆ ತಮ್ಮ ಪಾಲಿನ ಕುರಿಮಾಂಸ ಹಾಕಿ, "ಮನೇಲಿ ಮಗಳು, ಮೈದಾನದಲ್ಲಿ ಎದುರಾಳಿ. ತಿನ್ನು, ಬಲ ಬೇಕು" ಅಂದಿದ್ದರು. ನನಗೆ ಸಿಟ್ಟೂ ಬರಲಿಲ್ಲ, ನೋಡು.

ರಾಜಧಾನಿಯಿಂದ ಎಂಜಿನಿಯರ್ ಬಂದರೆ ನನ್ನ ಪರ ಹೇಳುತ್ತಾರೆ ಅಂದುಕೊಂಡಿದ್ದೆ. ಆತ ಬಂದದ್ದು ಜುಲೈಯಲ್ಲಿ, ಹೊಗೆ ಕೂಡ ನೆಟ್ಟಗೆ ನಿಲ್ಲುವ ಚಳಿಗಾಲದಲ್ಲಿ. ಹಿಮ ಎಷ್ಟು ಬೀಳುತ್ತದೆ, ಚಾವಣಿ ಎಷ್ಟು ತೂಕ ತಡೆಯಬೇಕು, ನಲ್ಲಿ ನೀರು ಹೆಪ್ಪುಗಟ್ಟದಂತೆ ಏನು ಮಾಡಬೇಕು, ಬರೀ ಇದೇ. ನಾನು ಗಾಳಿ ಬೀಸುವುದು ಬೇಸಿಗೆಯಲ್ಲಿ, ಪಂದ್ಯಗಳಿರುವುದೂ ಆಗಲೇ ಅಂದರೆ, "ಮೇಡಂ, ಚಳಿಯೂರಲ್ಲಿ ಕಷ್ಟ ಇರೋದು ಚಳಿಗಾಲದಲ್ಲಿ. ನಿಮ್ಮ ಗಾಳಿ ಬರೀ ಬಾಯಲ್ಲೇ ಜಾಸ್ತಿ" ಅಂದು ವಿಮಾನ ಹತ್ತಿದ. ಗಣ್ಯರು ಕೂರುವ ಮೂಡಣ ಕಡೆಗೆ ಚಾವಣಿ, ಬೆಚ್ಚಗಿನ ಕೋಣೆ ಮಂಜೂರಾಯಿತು. ಪಡುವಣಕ್ಕೆ ಏನೂ ಇಲ್ಲ.

ಇಷ್ಟಾದರೂ ನನಗೆ ಆಸೆಯಿತ್ತು, ಮಂಗಳವಾರ ಬೆಳಿಗ್ಗೆ ನಿನ್ನ ಕಾಗದ ಬಂದಾಗ. ಅದರಲ್ಲಿ ಅಪ್ಪ ಹೇಳಿದ್ದನ್ನು ಎಷ್ಟು ಸಲ ಓದಿದೆನೋ. "ಕಿಟಕಿ ಮುಚ್ಚು ಅಂದ್ರು. ಆಮೇಲೆ, ಹುಡುಗೀಗೆ ಹೇಳು ಗೋಡೆ ಕಟ್ಟಲಿ, ನಾನು ನಿಂತ ಜಾಗದಲ್ಲಿ ಮೊಮ್ಮಗಳು ನಿಂತು ಹೀಗಾಗಬಾರದು ಅಂದ್ರು. ಇಷ್ಟು ಹೇಳೋಕೆ ಮೂರು ಸಲ ಉಸಿರು ಎಳ್ಕೊಂಡ್ರು." ಮಾಂಸದ ಕಾರ್ಖಾನೆಯ ಐಸ್ ಕೋಣೆಯಲ್ಲಿ ಅಷ್ಟು ವರ್ಷ ದುಡಿದು, ಭಾನುವಾರ ಸಿಕ್ಕ ರಜೆಯಲ್ಲಿ ಆ ಮೆಟ್ಟಿಲ ಮೇಲೆ ಗಾಳಿಗೆ ಎದೆಕೊಟ್ಟು ಕೂಗಿದವರು ಈ ಮಾತು ಹೇಳಬೇಕಾದರೆ! ಮಗುವನ್ನು ಎದುರುಮನೆಯಲ್ಲಿ ಬಿಟ್ಟು, ಕಾಗದವನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಸಭೆಗೆ ಹೋದೆ.

ಯೆರ್ಕೊ ಮಾಮ ಕ್ಲಬ್ಬಿನ ಅಧ್ಯಕ್ಷರು, ನಿನಗೆ ಗೊತ್ತು. ಅಪ್ಪನ ಜೊತೆ ಒಂದೇ ಮೆಟ್ಟಿಲಲ್ಲಿ ಮೂವತ್ತು ವರ್ಷ ನಿಂತವರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದವರು. ಎದ್ದು ನಿಂತು ಅಪ್ಪ ಹೋದ ವರ್ಷ ಆಡಿದ ಮಾತನ್ನೇ ಅಕ್ಷರ ಬಿಡದೆ ಹೇಳಿದರು, ಹೇಳುತ್ತಾ ಅತ್ತರು. "ಲಿಸಾಂದ್ರೊ ಕಾರ್ಕಮೊ ಅಲ್ಲಿ ಆಸ್ಪತ್ರೇಲಿ ಉಸಿರಿಗೆ ಒದ್ದಾಡ್ತಿದಾನೆ. ಅವನ ಮಾತು ನಾವು ಉಳಿಸದಿದ್ರೆ ಯಾರು ಉಳಿಸ್ತಾರೆ?" ಪಡುವಣದ ನಡುಮಧ್ಯೆ ಗೋಡೆಯೂ ಇಲ್ಲದೆ ಮೆಟ್ಟಿಲೂ ಇಲ್ಲದೆ ಅಗಲವಾದ ಒಂದು ಕಂಡಿ ಬಿಡುವುದು, ಗಾಳಿ ಸಲೀಸಾಗಿ ಒಳಗೆ ಬರುವ ಹಾಗೆ. ಅದರ ನೆತ್ತಿಯ ಮೇಲೆ ಅಪ್ಪನ ಹೆಸರು ಕೆತ್ತಿಸುವುದು. ಇದು ಅವರ ಸೂಚನೆ.

ನಾನು ಎದ್ದೆ. ಅಪ್ಪ ಮನಸ್ಸು ಬದಲಾಯಿಸಿದ್ದಾರೆ ಅಂದೆ. ನಿನ್ನ ಕಾಗದ ಓದಿದೆ, ಆ ಸಾಲುಗಳನ್ನು ಎರಡು ಸಲ. ಹಿಂದಿನಿಂದ ಒಬ್ಬ, "ಅದು ಜ್ವರದ ಮಾತು ಕಣಮ್ಮ" ಅಂದ. ಇನ್ನೊಬ್ಬ, "ಅಕ್ಷರ ಯಾರದು? ಅವನ ಹೆಂಡ್ತಿ ದೊನ್ಯಾ ಕ್ಲೊರಿಂದಾದು. ಆಯಮ್ಮ ಯಾವತ್ತು ಫುಟ್‌ಬಾಲ್ ಕಂಡ್ರೆ ಸಹಿಸ್ಕೊಂಡಿದಾಳೆ? ಚೆಂಡು ಅಂಗಳಕ್ಕೆ ಬಿದ್ರೆ ಚಾಕು ಹಾಕಿ ವಾಪಸ್ ಕೊಡ್ತಿದ್ಳು!" ಎಲ್ಲರೂ ನಕ್ಕರು. ಕ್ಷಮಿಸು, ಅದು ನಿಜವೇ. ನಾನು ಕೂಗಾಡಿದೆನೋ ಏನೋ, "ಆರ್ಕಿಟೆಕ್ಟಮ್ಮ, ಮನೇಗೆ ಹೋಗಿ ಮಗೂಗೆ ಹಾಲು ಕುಡಿಸ್ರೀ, ನೀವೂ ಒಂದು ನಿದ್ದೆ ತೆಗೀರಿ" ಅನ್ನುವ ದನಿ ಬಂತು. ಯೆರ್ಕೊ ಮಾಮ ಮಾತ್ರ ಬಯ್ಯಲಿಲ್ಲ. ಹತ್ತಿರ ಬಂದು ತಲೆ ಸವರಿ, "ಕೂಸೇ, ಕಾಯಿಲೆಯವರ ಬಾಯಲ್ಲಿ ಕಾಯಿಲೆ ಮಾತಾಡುತ್ತೆ. ನಿಮ್ಮಪ್ಪ ಯಾರು ಅಂತ ನನಗೆ ಗೊತ್ತು" ಅಂದರು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಕೈ ಎತ್ತಿದರು. ಕಾಡಿನ ಹಾಗೆ ಕಾಣಿಸಿತು. ಅದರಲ್ಲಿ ರೆನಾತೊನ ಕೈಯೂ ಇತ್ತು, ಮೊಣಕೈವರೆಗೆ ಮಾತ್ರ ಎತ್ತಿದ್ದು. ಮನೆಗೆ ಬರುವಾಗ, "ಎಲ್ಲರೂ ಎತ್ತಿದ್ರು ಇರ್ಮಾ. ನಾನೊಬ್ಬ ಕೂತಿದ್ರೆ ಹೆಂಡತಿ ಕುಣಿಸಿದ ಹಾಗೆ ಕುಣೀತಾನೆ ಅಂತ ನಾಳೆ ಟೀಮಲ್ಲಿ ಆಡ್ಕೊತಿದ್ರು" ಅಂದ. ನಾನು ಎದುರುಮನೆಯಿಂದ ಮಗುವನ್ನು ಎತ್ತಿ ಕೋಟಿನೊಳಗೆ ಇಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು ಬೀದಿ ದಾಟಿದೆ. ಅವನು ಗಾಳಿ ಬರುವ ಬದಿಯಲ್ಲೇ ನಡೆದು ನಮಗೆ ಗಾಳಿ ತಾಗದಂತೆ ಅಡ್ಡವಾದ. ಒಳ್ಳೆಯವನೇ, ಅಮ್ಮಾ. ಇಲ್ಲಿ ಎಲ್ಲರೂ ಒಳ್ಳೆಯವರೇ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಸೋಮವಾರದೊಳಗೆ ನಕ್ಷೆ ಸಾಂತಿಯಾಗೊದ ಕಚೇರಿ ಸೇರಬೇಕಂತೆ. ನಿನ್ನೆಯೂ ಇವತ್ತೂ ಕೂತು ಆ ಕಂಡಿಯನ್ನು ನಾನೇ ಬರೆದೆ. ಆಗಲ್ಲ ಅಂದಿದ್ದರೆ ಬೇರೆ ಯಾರೋ ಬರೆಯುತ್ತಿದ್ದರು, ಮೂಲೆಗಳನ್ನು ಚೂಪಾಗಿ ಬಿಟ್ಟು, ಅಲ್ಲಿ ನಿಂತವರ ಕಿವಿ ಗಾಳಿಗೆ ಹರಿದುಹೋಗುವ ಹಾಗೆ. ನಾನು ಮೂಲೆಗಳನ್ನು ದುಂಡಗೆ ಮಾಡಿದೆ. ನನ್ನಿಂದ ಆದದ್ದು ಅಷ್ಟೇ. ಅಪ್ಪನ ಹೆಸರು ಮಾತ್ರ ಅಚ್ಚಿನ ಹಾಗೆ ಬಂದಿದೆ. ನೋಡಿದವರೆಲ್ಲ ಹೊಗಳಿದರು.

ಇನ್ನು ನನಗೆ ಏನೂ ತೋಚುತ್ತಿಲ್ಲ. ಕಂಬಗಳು ಏಳುತ್ತವೆ, ಜನ ನಿಲ್ಲುತ್ತಾರೆ, ಕೆಮ್ಮುತ್ತಾರೆ, ಗೆಲ್ಲುತ್ತಾರೆ. ನೀದಿಯಾ ದೊಡ್ಡವಳಾದರೆ ಅಜ್ಜನ ಹೆಸರಿನ ಕೆಳಗೆ ನಿಲ್ಲುತ್ತೇನೆ ಅಂತ ಹಟ ಮಾಡುತ್ತಾಳೆ. ಬೇಡ ಅನ್ನಲು ನನ್ನ ಹತ್ತಿರ ಏನಿದೆ ಹೇಳು. ಅಪ್ಪನಿಗೆ ಈಗಲೇ ಏನೂ ಹೇಳಬೇಡ. ಕೇಳಿದರೆ, ಇರ್ಮಾ ಬರೀತಾ ಇದಾಳೆ ಅನ್ನು. ಸುಳ್ಳಲ್ಲವಲ್ಲ.

ಮಗು ಎದ್ದಿತು. ಅಪ್ಪನ ಹಣೆಗೆ ನನ್ನದೂ ನೀದಿಯಾದೂ ಸೇರಿಸಿ ಎರಡು ಮುತ್ತು ಕೊಡು. ಅಪ್ಪನ ಪಕ್ಕದ ಹಾಸಿಗೆಯವರ ಜೊತೆಗಿರುವ ಆ ವಾಲ್ದಿವಿಯಾ ಊರಿನ ಹೆಂಗಸಿಗೆ ನನ್ನ ವಂದನೆ ಹೇಳು, ನಿನಗೆ ಚಹಾ ತಂದುಕೊಡುತ್ತಾಳಲ್ಲ. ದೇವರು ನಿಮ್ಮಿಬ್ಬರ ಮೇಲೆ ಒಂದು ಕಂಬಳಿ ಹೊದಿಸಲಿ.

ನಿದ್ದೆಗೆಟ್ಟ ನಿನ್ನ ಮಗಳು,
ಇರ್ಮಾ

ತಾ.ಕ.: ಶನಿವಾರ ಬೆಳಿಗ್ಗೆ. ಅವಸರದಲ್ಲಿ ಗೀಚುತ್ತಿದ್ದೇನೆ. ಗಾಳಿಗೆ ಎರಡು ದಿನ ವಿಮಾನ ಬಿಟ್ಟಿಲ್ಲ, ಅಂಚೆ ಚೀಲಗಳು ಮುಂದಿನ ವಾರಕ್ಕಂತೆ. ಇವತ್ತು ವಿಮಾನದಲ್ಲಿ ಜಾಗ ಸಿಕ್ಕಿರುವುದು ನಕ್ಷೆ ಒಯ್ಯುತ್ತಿರುವ ಯೆರ್ಕೊ ಮಾಮನಿಗೆ, ಆದ್ದರಿಂದ ಕಾಗದವೂ ಅವರ ಕೈಯಲ್ಲೇ. ಈಗ ತಾನೇ ಬಾಗಿಲಲ್ಲಿ ಹೇಳಿದರು: ಕಚೇರಿಗಿಂತ ಮುಂಚೆ ಆಸ್ಪತ್ರೆಗೇ ಬರುತ್ತಾರೆ. ನಕ್ಷೆ ಬಿಡಿಸಿ ಅಪ್ಪನಿಗೆ ಆ ಕಂಡಿ, ಹೆಸರು ತೋರಿಸಿ, ಕೆಳಗೆ ಅವರ ಸಹಿ ಹಾಕಿಸಿಕೊಳ್ಳುತ್ತಾರೆ. ಬೇಡ ಮಾಮ ಅಂದೆ, ಕೈ ಹಿಡಿದುಕೊಂಡೆ. "ಈ ಸುದ್ದಿ ಕೇಳಿದ್ರೆ ಅರ್ಧ ಕಾಯಿಲೆ ಹೋಗುತ್ತೆ ಕೂಸೇ" ಅಂತ ನಗುತ್ತಾರೆ. ಅಪ್ಪನಿಗೆ ನಕ್ಷೆ ಓದಲು ಬರುತ್ತದೆ, ನಾನೇ ಕಲಿಸಿದ್ದೇನೆ. ಮಾಮನನ್ನು ಒಳಗೆ ಬಿಡಬೇಡ. ಮಲಗಿದ್ದಾರೆ ಅನ್ನು, ಡಾಕ್ಟರು ಬಿಡಲ್ಲ ಅನ್ನು, ಚಹಾ ಕೊಡು, ಊರಿನ ಸುದ್ದಿ ಕೇಳು. ಆಮೇಲೆ ನೀನೊಬ್ಬಳೇ ಹೋಗಿ ಗೋಡೆ ಆಯಿತು ಅಂತ ಅಪ್ಪನ ಕಿವಿಯಲ್ಲಿ ಹೇಳು. ಇದನ್ನು ಮೊದಲ ಪುಟದಲ್ಲೇ ಬರೆಯಬೇಕಿತ್ತು, ಅಲ್ಲಿ ಒಂದು ಅಕ್ಷರಕ್ಕೂ ಜಾಗವಿಲ್ಲ, ಹೊರಗೆ ಜೀಪು ಹಾರ್ನ್ ಹೊಡೆಯುತ್ತಿದೆ. ಮಾಮ ಕಾಗದ ನಿನ್ನ ಕೈಗೆ ಕೊಟ್ಟು ಎದುರಿಗೇ ನಿಂತಿದ್ದರಲ್ಲ, ಇನ್ನೂ ಇದ್ದಾರೆಯೇ? ತಲೆ ಎತ್ತಿ ನೋಡು, ಅಮ್ಮಾ.