ಬಾಗಿಲು ಕಳಚಿದ ಕಪಾಟು

ಭಾನುವಾರ, ಅಕ್ಟೋಬರ್ ೧೨

ಮೇಲಿನ ಹಲಗೆ ಇನ್ನೂ ಕಣ್ಣಿಗೆ ಒಪ್ಪುತ್ತಿಲ್ಲ. ಬಲಗಡೆ ಭಾರ ಹೆಚ್ಚಾಯಿತೋ ಏನೋ. ಹೂವಿನ ಚಿತ್ತಾರದ ಪಿಂಗಾಣಿ ತಟ್ಟೆ, ಅಮ್ಮನ ಹಿತ್ತಾಳೆ ತಕ್ಕಡಿ, ಬೆತ್ತದ ಬುಟ್ಟಿ, ಎಲ್ಲವನ್ನೂ ಬೆಳಗಿನಿಂದ ಅತ್ತಿತ್ತ ಸರಿಸಿದ್ದೇ ಸರಿಸಿದ್ದು. ಇವರು ಕಪಾಟಿನ ಬಾಗಿಲುಗಳನ್ನು ಬಿಚ್ಚಿಕೊಟ್ಟು, "ಇನ್ಮೇಲೆ ಧೂಳು ಒರೆಸೋಳು ನೀನೇ," ಎಂದು ನಕ್ಕಿದ್ದರು. ಹಳೇ ಕಾಲದ ಪುಟ್ಟ ಮನೆಯ ಅಡುಗೆಮನೆಯಂತೆ ಬೆಚ್ಚಗೆ ಕಾಣಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಮರೆವು ಶುರುವಾದ ಮೇಲೆ ಅತ್ತೆ ಅಡುಗೆಮನೆಯನ್ನೇ ಬಿಟ್ಟಿದ್ದರು. ಯಾವ ಬಾಗಿಲ ಹಿಂದೆ ಏನಿದೆಯೆಂದು ತಿಳಿಯದೆ ಒಂದೊಂದನ್ನೇ ತೆಗೆದು ಮುಚ್ಚಿ, ಕೊನೆಗೆ ಪೆಚ್ಚಾಗಿ ಹೊರಗೆ ಬಂದು ಕೂರುತ್ತಿದ್ದರು. ಇವತ್ತು ಸಂಜೆ ನಾನು ಸೋತು ಸೋಫಾದ ಮೇಲೆ ಒರಗಿದ್ದಾಗ ಒಳಗೆ ಪಾತ್ರೆಯ ಸದ್ದಾಯಿತು. ಓಡಿ ಹೋಗಿ ನೋಡಿದರೆ ಅತ್ತೆ ಒಲೆ ಹಚ್ಚಿ, ಗಾಜಿನ ಭರಣಿಯಿಂದ ಚಹಾಪುಡಿ ತೆಗೆಯುತ್ತಿದ್ದರು.

"ನಾನು ಮಾಡ್ತೀನಿ ಬಿಡಿ ಅತ್ತೆ."

"ಸುಮ್ನೆ ಕೂತ್ಕೋ ಹೋಗು. ಎಲ್ಲಾ ಕಣ್ಣೆದುರಿಗೇ ಇದೆ, ಹುಡುಕೋದೇನಿದೆ?"

ಸಕ್ಕರೆ ಸ್ವಲ್ಪ ಮುಂದಾಗಿತ್ತು. ಆದರೂ ಇವರು ಎರಡು ಲೋಟ ಕುಡಿದರು. ಅತ್ತೆ ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ ನಮ್ಮ ಮುಖವನ್ನೇ ನೋಡುತ್ತಿದ್ದರು. ಎಷ್ಟು ಕಾಲವಾಗಿತ್ತು ಆ ಮುಖ ಕಂಡು.

"ಬೆಳಿಗ್ಗೇನೂ ನಾನೇ ಮಾಡ್ತೀನಿ, ನೀನು ಏಳ್ಬೇಡ," ಎಂದು ಹೇಳಿಯೇ ಮಲಗಿದ್ದಾರೆ. ಗ್ಯಾಸ್ ಮೇಲೊಂದು ಕಣ್ಣಿಡಬೇಕು, ಹಾಗಾಗಿ ಎಚ್ಚರವಂತೂ ಇರುತ್ತೇನೆ. ಆದರೂ ಮುಸುಕು ಹೊದ್ದು, ಅವರೇ ಬಂದು ಎಬ್ಬಿಸುವ ತನಕ ಮಲಗಿದವಳಂತೆ ನಟಿಸುತ್ತೇನೆ.