ಪಾಠವಿಲ್ಲದ ಭಾನುವಾರ

ಅಕ್ಕನ ಹೊಲಿಗೆ ಅಂಗಡಿಯಿಂದ,
ಶನಿವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ ವಂದನೆಗಳು.

ನಿಮ್ಮ ಕಾಗದ ಮಂಗಳವಾರವೇ ಬಂತು. ಉತ್ತರ ತಡವಾದದ್ದು ಸಿಟ್ಟಿನಿಂದಲ್ಲ, ಸುಸ್ತಿನಿಂದ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು ನೋಡಿ, ಈಗ ಅದೂ ಇಲ್ಲ. ಮೇಲಿಂದ ನೆಗಡಿ ಬೇರೆ. ಎಲ್ಲಿ ನೆನೆದೆ ಎಂದು ಕೇಳಬೇಡಿ, ಅಕ್ಕನೂ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾಳೆ.

ಮೊದಲು ಆ ಕುರಿಯ ವಿಷಯ ಮುಗಿಸಿಬಿಡೋಣ. ತಪ್ಪಿಹೋದ ಕುರಿಯನ್ನು ಕುರುಬ ಹುಡುಕಿಕೊಂಡು ಹೋಗುತ್ತಾನೆ, ನೀನೂ ಹಾಗೆ ನನ್ನ ತಪ್ಪಿಹೋದ ಕುರಿ ಎಂದು ಬರೆದಿದ್ದೀರಿ. ರೀ, ನಾನು ಯಾವ ಬೇಲಿ ಹಾರಿದೆ? ಒಗೆದ ಬಟ್ಟೆ ಮಡಿಸಿಟ್ಟು, ಗ್ಯಾಸ್ ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯ ಟೀಚರಮ್ಮನ ಕೈಗೆ ಕೊಟ್ಟು, ಹಗಲು ಹೊತ್ತಿನಲ್ಲಿ ಬಸ್ಸು ಹತ್ತಿ ಬಂದವಳು ನಾನು. ಇಷ್ಟು ವ್ಯವಸ್ಥಿತವಾಗಿ ತಪ್ಪಿಹೋದ ಕುರಿಯನ್ನು ಯಾರಾದರೂ ಕಂಡಿದ್ದಾರೆಯೇ? ಕರೆಯುವುದಾದರೆ ‘ಬಾ ಮಾರಾಯ್ತಿ’ ಅನ್ನಬಹುದಿತ್ತು. ಅದಕ್ಕೂ ಒಂದು ದೃಷ್ಟಾಂತ ಬೇಕಾಯಿತೇ ನಿಮಗೆ?

ಕಾಗದದ ಕೊನೆಯಲ್ಲಿ ಎರಡು ಸಂಗತಿ ಬರೆದಿದ್ದೀರಿ. ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ಸರಿ ಮಾಡಲು ಮನಸ್ಸು ಬರುತ್ತಿಲ್ಲ ಎಂಬುದು ಒಂದು. ಊರಿನವರ ನಲ್ಲಿಗಳನ್ನೆಲ್ಲ ಸರಿ ಮಾಡುವ ಪ್ಲಂಬರ್ ಮನೆಯಲ್ಲೇ ನಲ್ಲಿ ಸೋರುತ್ತಿದೆ ಎಂದು ಓದಿ ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು, ನಮ್ಮ ಚರ್ಚಿನ ಸಭೆಯ ಹಿಂದಿನ ಬೆಂಚಿನ ಮೇಲೆ ಯಾರೋ ಒಂದು ಕಂದು ಬಣ್ಣದ ಕೊಡೆ ಮರೆತು ಹೋಗಿದ್ದಾರೆ, ಎಲ್ಲರನ್ನೂ ಕೇಳಿದರೂ ನಮ್ಮದಲ್ಲ ಅನ್ನುತ್ತಾರೆ ಎಂಬುದು. ಆ ಕೊಡೆಯಿಂದ ನೀವು ಯಾವ ಪಾಠವನ್ನೂ ತೆಗೆದಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಯಿತು. ಕುರಿಯ ಮೇಲೆ ಎಲ್ಲ ಖರ್ಚಾಗಿರಬೇಕು.

ನಿಮ್ಮ ಪಾಠಗಳನ್ನು ನಾನು ಮೊದಲಿನಿಂದ ದ್ವೇಷಿಸುತ್ತಿದ್ದೆ ಎಂದು ತಿಳಿಯಬೇಡಿ. ನಮ್ಮಪ್ಪನ ಮನೆಗೆ ಬಚ್ಚಲಿನ ಪೈಪು ಹಾಕಲು ಬಂದವರು ನೀವು. ಇಷ್ಟೇ ಇಷ್ಟು ರಬ್ಬರ್ ವಾಷರನ್ನು ಬೆರಳ ತುದಿಯಲ್ಲಿ ಹಿಡಿದು, ಇದನ್ನ ಯಾರೂ ನೋಡಲ್ಲ, ಆದ್ರೆ ಇದಿಲ್ದೆ ಇಡೀ ಮನೆ ಒದ್ದೆ, ದೇವರ ಕೆಲಸದಲ್ಲಿ ಸಣ್ಣವರ ಪಾಡೂ ಹೀಗೇ ಅಂತ ಅಮ್ಮನಿಗೆ ಹೇಳಿದಿರಿ. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ. ಈ ಮನುಷ್ಯನ ಜೊತೆಗಿದ್ದರೆ ಒಂದು ದಿನವೂ ಬೇಸರವಾಗದು ಅಂದುಕೊಂಡೆ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಆಗ ಯಾರೂ ಹೇಳಿಕೊಡಲಿಲ್ಲ.

ಆಮೇಲೆ ಪಾಸ್ಟರು ಪ್ರತಿ ಭಾನುವಾರ ತಮ್ಮ ಪ್ರಸಂಗಕ್ಕೆ ಮುಂಚೆ ನಿಮಗೊಂದು ಹತ್ತು ನಿಮಿಷ ಕೊಟ್ಟರು, ‘ದಿನದ ಬಾಳಿನಲ್ಲಿ ದೇವರ ಪಾಠ’ ಅಂತ. ಅಲ್ಲಿಂದ ನೀವು ಎಲ್ಲರಿಗೂ ಪಾಠದಣ್ಣ, ನಮ್ಮ ಮನೆ ಪಾಠದ ಕಾರ್ಖಾನೆ. ಹಾಲು ಉಕ್ಕಿದರೆ ಪಾಠ. ನನ್ನ ಗೊರಕೆಯಿಂದ ಪಾಠ. ನಾನು ಸಾರಿಗೆ ಉಪ್ಪು ಮರೆತ ವಾರ ಇಡೀ ಸಭೆ ಲೋಕಕ್ಕೆ ಉಪ್ಪಾಗುವುದು ಹೇಗೆ ಎಂದು ಕಲಿಯಿತು. ಜನ ನಕ್ಕರು, ನಾನೂ ನಕ್ಕೆ. ಭಾನುವಾರ ಹತ್ತಿರವಾದಂತೆ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆಕ್ಕು ಇಲಿ ಬಿಲವನ್ನು ಕಾಯುವ ಹಾಗೆ ನನ್ನನ್ನೇ ನೋಡುತ್ತಿದ್ದಿರಿ. ಒಂದು ತಟ್ಟೆ ಜಾರಿದರೆ ಸಾಕು, ನಿಮ್ಮ ಮುಖ ಅರಳುತ್ತಿತ್ತು. ನನ್ನ ಕೈ ಸುಟ್ಟಿತೇ ಎಂದು ಕೇಳುವ ಮೊದಲು ಜೇಬಿನಿಂದ ಪೆನ್ನು ಹೊರಗೆ ಬಂದದ್ದೂ ಉಂಟು.

ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಯಾವುದು ಎಂದು ನಿಮಗೆ ಇನ್ನೂ ತಿಳಿದ ಹಾಗಿಲ್ಲ, ನಿಮ್ಮ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಹಾಗಾಗಿ ನಾನೇ ಬರೆಯುತ್ತೇನೆ.

ಅಮ್ಮ ಹೋದ ಮೇಲೆ ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕತ್ತಲೆ, ಅಷ್ಟೇ. ಊಟಕ್ಕೆ ಮುಂಚೆ ನೀವು ಅಷ್ಟುದ್ದ ಸ್ತೋತ್ರ ಮಾಡುವಾಗ ನಾನು ಯಾವ ಪಾತ್ರೆ ನೆನೆಹಾಕಬೇಕು ಎಂದು ಯೋಚಿಸುತ್ತಿದ್ದೆ. ಸಭೆಯಲ್ಲಿ ತುಟಿ ಆಡಿಸುತ್ತಿದ್ದೆ, ಒಳಗಿನಿಂದ ಒಂದು ಸ್ವರವೂ ಹೊರಡುತ್ತಿರಲಿಲ್ಲ. ಇದನ್ನು ಹೊತ್ತು ಹೊತ್ತು ದಣಿದು, ಒಂದು ಸಂಜೆ ತಟ್ಟೆ ಒರೆಸುತ್ತಾ ನಿಮಗೆ ಹೇಳಿಬಿಟ್ಟೆ. ನೀವು ಪೂರ್ತಿ ಕೇಳಿಸಿಕೊಂಡಿರಿ. ತಲೆಯ ಮೇಲೆ ಕೈಯಿಟ್ಟಿರಿ. ಎಷ್ಟೋ ದಿನಗಳ ಮೇಲೆ ಅವತ್ತು ನನಗೆ ನಿದ್ದೆ ಬಂತು.

ಆ ಭಾನುವಾರ ನೀವು ಎದ್ದು ನಿಂತು, ತೊಟ್ಟೀಲಿ ನೀರಿಲ್ದೆ ಇದ್ದಾಗ ನಲ್ಲಿ ತಿರುಗಿಸಿದ್ರೆ ಏನು ಬರುತ್ತೆ, ಬುಸ್ ಅಂತ ಗಾಳಿ ಬರುತ್ತೆ ಅಂದಿರಿ. ಬಾಯಲ್ಲಿ ಆ ಸದ್ದೂ ಮಾಡಿ ತೋರಿಸಿದಿರಿ. ನನಗೆ ತುಂಬಾ ಹತ್ತಿರದ ಒಬ್ಬ ಸಹೋದರಿ ಹೀಗೇ ಪ್ರಾರ್ಥನೆ ಮಾಡ್ತಾರೆ, ತುಟಿ ಆಡುತ್ತೆ, ಒಳಗೆ ಬರೀ ಗಾಳಿ ಅಂದಿರಿ. ಸಭೆ ಬಿದ್ದು ಬಿದ್ದು ನಕ್ಕಿತು. ಆ ಹತ್ತಿರದ ಸಹೋದರಿ ಯಾರೆಂದು ತಿಳಿಯಲು ಯಾರಿಗೂ ಪ್ರವಾದಿಯ ವರ ಬೇಕಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡೆನಲ್ಲ, ಉಳಿದವರಿಗೂ ಗೊತ್ತಾಯಿತು.

ಆಮೇಲೆ ಹಾಡಿಗೆ ನಿಂತಾಗ, ಗಾಯನದ ಗುಂಪನ್ನು ನಡೆಸುವ ಹೆಂಗಸು ಹಾಡಿನ ಪುಸ್ತಕ ಬಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದರು. ಬುಧವಾರ ಸ್ತ್ರೀಯರ ಸಂಘದವರು ಉಪವಾಸ ಪ್ರಾರ್ಥನೆ ಎಂದು ಮನೆಗೇ ಬಂದರು. ಎಲ್ಲರೂ ಒಟ್ಟಿಗೆ ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟು ಕೈಗಳ ಭಾರಕ್ಕೆ ಕುತ್ತಿಗೆ ನೋವು ಬಂತೇ ಹೊರತು ಮತ್ತೇನೂ ಬರಲಿಲ್ಲ. ಪಾಪ, ಅವರ ಮನಸ್ಸು ಒಳ್ಳೆಯದೇ. ಅವರು ಹೋದ ಮೇಲೆ ನಾನು ಅತ್ತಾಗ, ನೀವು ದಂಗಾಗಿ, ನಾನು ಹೆಸರು ಹೇಳ್ಲಿಲ್ವಲ್ಲೇ, ಎಷ್ಟು ಜನಕ್ಕೆ ಉಪಯೋಗ ಆಯ್ತು ಗೊತ್ತಾ ಅಂದಿರಿ. ಮಾರನೆಯ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದೆ.

ಇಷ್ಟೇ ವಿಷಯ. ನಾನು ಕತ್ತಲೆಯಲ್ಲಿ ಕೈ ಚಾಚಿದ್ದು ನಿಮ್ಮ ಕಡೆಗೆ. ನೀವು ಆ ಕೈಯನ್ನು ಎಲ್ಲರಿಗೂ ಎತ್ತಿ ತೋರಿಸಿದಿರಿ. ನನಗೆ ತುಂಬಾ ನೋವಾಯಿತು.

ಇಲ್ಲಿಯ ಸುದ್ದಿ ಹೇಳುತ್ತೇನೆ. ಅಕ್ಕ ನನಗೆ ಹೊಲಿಯಲು ಕೊಡುವುದಿಲ್ಲ, ಬಿಚ್ಚಲು ಕೊಡುತ್ತಾಳೆ. ದಪ್ಪಗಾದವರ ಪ್ಯಾಂಟು, ಬೆಳೆದ ಮಕ್ಕಳ ಯೂನಿಫಾರ್ಮು, ಎಲ್ಲದರ ಹೊಲಿಗೆ ಬಿಚ್ಚುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಪಕ್ಕ ಕೂತು ಒಂದೊಂದೇ ಹೊಲಿಗೆ ಕೀಳುತ್ತೇನೆ. ಬೆನ್ನು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ನಿಮ್ಮ ಸಹವಾಸದ ಫಲವಾಗಿ, ಹೊಲಿಗೆ ಬಿಚ್ಚುವಾಗಲೂ ಕಿವಿಯಲ್ಲಿ ನಿಮ್ಮ ದನಿಯೇ, ನೋಡು, ಬಿಚ್ಚದೆ ಅಗಲ ಮಾಡೋಕಾಗಲ್ಲ ಅಂತ. ಸುಮ್ಮನಿರಿ ಎಂದು ನಾನು ಗಟ್ಟಿಯಾಗಿ ಅಂದುಬಿಟ್ಟೆ ಒಂದು ದಿನ. ಅಳತೆ ಕೊಡಲು ನಿಂತಿದ್ದ ಬಸ್ ಡ್ರೈವರು, ನಾನೇನೂ ಮಾತಾಡ್ಲಿಲ್ಲಮ್ಮ ಅಂದ.

ಅಕ್ಕನ ಪ್ರಾರ್ಥನೆ ನಿಮಗೆ ಗೊತ್ತಲ್ಲ. ಊಟಕ್ಕೆ ಕೂತರೆ, ಅಪ್ಪಾ ಥ್ಯಾಂಕ್ಸು, ಅಷ್ಟೇ. ಆಮೆನ್ ಅನ್ನುವಷ್ಟರಲ್ಲಿ ಬಾಯಲ್ಲಿ ತುತ್ತು. ಮೊದಲು ನನಗೆ ಕಸಿವಿಸಿಯಾಗುತ್ತಿತ್ತು. ಈಗ ಅನ್ನ ಬಿಸಿಯಾಗಿರುತ್ತದೆ ಎಂಬುದು ಗಮನಕ್ಕೆ ಬಂದಿದೆ. ಪ್ರಾರ್ಥಿಸು ಎಂದು ಅವಳು ನನಗೆ ಹೇಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ನಿನ್ನ ಬಾಯಿ, ನಿನ್ನ ದೇವರು, ನಡುವೆ ನಂದೇನು ಅಂದಳು.

ಹೋದ ವಾರ ಎದುರಿನ ಆಸ್ಪತ್ರೆಯ ನರ್ಸೊಬ್ಬಳು ತನ್ನ ಕೋಟು ತಂದುಕೊಟ್ಟಳು. ಒಳಗಿನ ಅಸ್ತರಿನ ಬಟ್ಟೆ ಪೂರ್ತಿ ಹರಿದಿತ್ತು, ಹೊರಗಿನಿಂದ ನೋಡಿದರೆ ಹೊಚ್ಚ ಹೊಸದು. ಅದನ್ನು ಮಡಿಲಲ್ಲಿ ಹರಡಿಕೊಂಡು ಬಿಚ್ಚುತ್ತಾ ಕೂತಿದ್ದೆ. ಕೈ ಸೋತು ಹೋಗಿತ್ತು. ಯಾಕೋ, ಏನೋ, ಸಾಕಪ್ಪಾ, ನನ್ನ ಕೈಲಾಗ್ತಿಲ್ಲ ಅಂದೆ. ಅಂದದ್ದು ಅಕ್ಕನಿಗಲ್ಲ, ಅವಳು ಗುಂಡಿ ತರಲು ಹೋಗಿದ್ದಳು. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಅಂದ ಮೇಲೆ ಗೊತ್ತಾಯಿತು, ಅದು ತುಟಿಯ ಮಾತಲ್ಲ ಎಂದು.

ಆಮೇಲೆ ಏನಾಯಿತು ಎಂದು ನಾನು ಬರೆಯುವುದಿಲ್ಲ. ದೊಡ್ಡದೇನೂ ಅಲ್ಲ, ಆದರೂ ಬರೆಯುವುದಿಲ್ಲ. ಬರೆದರೆ ಅದು ಭಾನುವಾರ ವೇದಿಕೆ ಹತ್ತುತ್ತದೆ. ಅದು ನನ್ನದು ರೀ, ಅಲ್ಲೇ ಇರಲಿ.

ಸುಸ್ತಾಗಿದೆ. ಆದರೂ ಇನ್ನೊಂದು ಮಾತು ಹೇಳದೆ ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಅಮ್ಮ ತೀರಿಕೊಂಡ ದಿನ ಮನೆ ತುಂಬಾ ಜನ. ಬಂದವರೆಲ್ಲ ಒಂದೊಂದು ವಚನ ಹೇಳಿ ಹೋದರು. ನೀವೂ ಶುರು ಮಾಡುತ್ತೀರಿ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಎಲ್ಲಿ ಹೋದಿರಿ ಎಂದು ನೋಡಿದರೆ, ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಅಷ್ಟೂ ಜನ ಕಾಫಿ ಕುಡಿದ ಲೋಟಗಳನ್ನು ತೊಳೆಯುತ್ತಿದ್ದಿರಿ. ಮೊಣಕೈವರೆಗೆ ಸೋಪಿನ ನೊರೆ. ನನ್ನನ್ನು ನೋಡಿ ವಚನ ಹೇಳಲಿಲ್ಲ, ಕೈಯಲ್ಲಿದ್ದ ಲೋಟವನ್ನು ಇನ್ನಷ್ಟು ತಿಕ್ಕಿದಿರಿ. ನಿಮ್ಮ ಅಷ್ಟು ವರ್ಷಗಳ ಪಾಠಗಳಲ್ಲಿ ನನಗೆ ಎಷ್ಟು ನೆನಪಿದೆಯೋ ಕಾಣೆ. ಆ ಲೋಟಗಳು ಮಾತ್ರ ನೆನಪಿವೆ. ತಟ್ಟೆ ಒರೆಸುತ್ತಿದ್ದ ಆ ಸಂಜೆ ನನ್ನ ಮಾತನ್ನು ನಿಮ್ಮ ಕೈಗೆ ಕೊಟ್ಟದ್ದು ಕೂಡ, ಲೋಟ ತೊಳೆದವರು ಇವರು ಎಂಬ ನಂಬಿಕೆಯಿಂದಲೇ.

ನಾನು ಬರುತ್ತೇನೆ ಎಂದೂ ಹೇಳುತ್ತಿಲ್ಲ, ಬರುವುದಿಲ್ಲ ಎಂದೂ ಹೇಳುತ್ತಿಲ್ಲ. ನೀವು ಪಾಠ ಹೇಳುವುದನ್ನು ಬಿಡಿ ಎಂದು ಕೇಳುವುದೂ ಇಲ್ಲ. ಅದು ನಿಮ್ಮ ಉಸಿರು, ಬಿಟ್ಟರೆ ಕಾಯಿಲೆ ಬೀಳುತ್ತೀರಿ. ವಾಷರಿನಿಂದ ಹೇಳಿ, ಪೈಪಿನಿಂದ ಹೇಳಿ, ಬೇಕಾದರೆ ನಿಮ್ಮ ಬೊಕ್ಕತಲೆಯಿಂದ ಹೇಳಿ, ಅಲ್ಲಿ ಬೇಕಾದಷ್ಟು ಜಾಗವಿದೆ. ಆದರೆ ನಮ್ಮ ಮನೆಯ ಬಾಗಿಲ ಒಳಗೆ ಹಾಲು ಉಕ್ಕಿದರೆ ಅದು ಬರೀ ಹಾಲು. ನಾನು ಅತ್ತರೆ ಅದು ಬರೀ ಅಳು. ಅಷ್ಟು ಒಪ್ಪಿದರೆ ಮುಂದಿನ ಮಾತು.

ಈಗೆಲ್ಲ ಭಾನುವಾರಗಳಲ್ಲಿ ಏನು ಹೇಳುತ್ತಿದ್ದೀರೋ ನನಗೆ ಗೊತ್ತಿಲ್ಲ. ನೀವೂ ಬರೆದಿಲ್ಲ, ನಾನೂ ಕೇಳುವುದಿಲ್ಲ.

ನಲ್ಲಿಗೆ ವಾಷರ್ ಹಾಕಿ. ತೊಟ್ಟಿಕ್ಕುವ ಸದ್ದಿಗೆ ನಿಮಗೆ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಯಾವ ಕುರಿಯೂ ಅಲ್ಲದ,
ನಿಮ್ಮ ಮನೆಯವಳು

ಮರೆತಿದ್ದೆ: ಗೊತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದು ಹಾಕಿ ತಿದ್ದುವಷ್ಟು ತ್ರಾಣವಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ನಾನು ಇಲ್ಲಿಗೆ ಬಂದ ಮೇಲೆ ಒಂದು ಭಾನುವಾರ ಜೋರು ಮಳೆ ಬಂತಲ್ಲ, ಅವತ್ತು, ಮನೆಯಿಂದ ಬೆಚ್ಚಗಿನ ಬಟ್ಟೆ ತರುತ್ತೇನೆ ಎಂದು ಅಕ್ಕನಿಗೆ ಹೇಳಿ ಬಂದವಳು, ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಸಭೆಯ ಕೊನೆಯ ಬೆಂಚಿನಲ್ಲಿ, ಕಂಬದ ಮರೆಗೆ ಕೂತಿದ್ದೆ. ನಾನು ಬಿಟ್ಟುಹೋದದ್ದರಿಂದ ನೀವು ಯಾವ ಪಾಠ ತೆಗೆಯುತ್ತೀರೋ ಕೇಳಿ, ಕೊನೆಯ ಗಂಟು ಕಡಿದುಕೊಂಡು ಹೋಗೋಣ ಅಂತ. ನೀವು ಎದ್ದು ನಿಂತಿರಿ. ನೀರು ಕುಡಿದಿರಿ. ಇವತ್ತು ನನ್ನ ಹತ್ರ ಪಾಠ ಇಲ್ಲ, ನನ್ನ ಹೆಂಡತಿ ಮನೇಲಿಲ್ಲ, ತಪ್ಪು ನಂದು ಅಂದಿರಿ. ಕೂತುಬಿಟ್ಟಿರಿ. ಅಳು ತಡೆಯಲಾಗದೆ ನಾನು ಹಾಡು ಶುರುವಾಗುವ ಮೊದಲೇ ಎದ್ದು ಓಡಿದೆ. ಬಸ್ ನಿಲ್ದಾಣದವರೆಗೆ ತೊಪ್ಪೆಯಾಗಿ ನೆನೆದೆ. ಅದನ್ನು ಬರೆಯುವುದು ಬಿಟ್ಟು ಕುರಿಯನ್ನು ಯಾಕೆ ಬರೆದಿರಿ ಮಾರಾಯರೇ? ಬರೆದಿದ್ದರೆ ಮಂಗಳವಾರದ ಬಸ್ಸಿಗೇ ಬರುತ್ತಿದ್ದೆ.

ಆ ಕಂದು ಕೊಡೆ ಅಕ್ಕನದು. ದಿನಾ ಕೇಳುತ್ತಿದ್ದಾಳೆ. ತೆಗೆದುಕೊಂಡು ಬನ್ನಿ, ಅವಳ ಕೈಗೆ ಕೊಟ್ಟು ಹೊರಡೋಣ.